ಲಗ್ನ ಯಾವ ಗಳಿಗೆಗೆ ಆಗುತ್ತದೆ?

ಕೊಲ್ಲಾಪುರ, ಕಾಗಲ, ಗಡಹಿಂಗ್ಲಜದ ಕಡೆ ‘ಯಾದಿ ಪೇ ಶಾದಿ’ ಎಂಬ ರೂಢಿಯೊಂದಿದೆ. ಸಂಬಂಧ ಗಟ್ಟಿಯಾದ ಮೇಲೆ ಎರಡೂ ಕಡೆಯ ಹಿರಿಯರು ಯಾದಿ ಬರೆಯಲು ಕೂಡುತ್ತಾರೆ. ಬಂಗಾರ ಎಷ್ಟು ತೊಲೆ, ಊಟದ ಖರ್ಚು ಯಾರದು, ನಿಬ್ಬಣದ ಗಾಡಿ ಯಾರು ಮಾಡುವುದು, ಮಾನದ ಸೀರೆ ಎಷ್ಟು, ಯಾರ ಮಾವನಿಗೆ ಯಾವ ಪಟಗಾ, ಎಲ್ಲವೂ ಕಾಗದಕ್ಕೆ ಇಳಿಯುತ್ತದೆ. ಕಾಗದದ ತಲೆಯ ಮೇಲೆ ‘ಶ್ರೀ’, ಮೂಲೆಗೆ ಅರಿಶಿಣ-ಕುಂಕುಮ, ಕೆಳಗೆ ಹಿರಿಯರ ಸಹಿ. ಬರೆದು ಮುಗಿಯುವಷ್ಟರಲ್ಲಿ ಯಾರೋ ಒಬ್ಬ ಹಿರಿಯ ಬಾಯಿ ಬಿಡುತ್ತಾನೆ: “ಎಲ್ಲಾರೂ ಕೂಡೇ ಇದ್ದೀರಿ. ಮತ್ತೊಂದು ದಿನಾ ಯಾಕ ಬೇಕ್ರೀ? ಇವತ್ತ ಅಕ್ಕಿಕಾಳ ಹಾಕಿ ಬಿಡೂಣು.” ಹುಡುಗಿಯ ತಂದೆ ಒಮ್ಮೆ ಹೆಂಡತಿಯ ಮುಖ ನೋಡುತ್ತಾನೆ. ಒಬ್ಬರು ಮಾಲೆ ತರಲು ಓಡುತ್ತಾರೆ, ಇನ್ನೊಬ್ಬರು ಭಟ್ಟರನ್ನೋ ಅಯ್ಯನವರನ್ನೋ ಕರೆತರಲು. ಹೊತ್ತು ಮುಳುಗುವುದರೊಳಗೆ ಲಗ್ನ ಆಗಿಹೋಗಿರುತ್ತದೆ.

ಅದೇ ಓಣಿಯ ಇನ್ನೊಂದು ಮನೆಯಲ್ಲಿ ಲಗ್ನಕ್ಕೆ ಒಂದು ವರ್ಷ ಹಿಡಿಯುತ್ತದೆ. ಸಾಖರಪುಡಾ (ನಿಶ್ಚಿತಾರ್ಥ), ಯಾದಿ, ಬಸ್ತಾ (ಬಟ್ಟೆ ಖರೀದಿ), ಪತ್ರಿಕೆ, ಹಂದರ, ದೇವರ ಕಾರ್ಯ, ಹಳದಿ ಎಲ್ಲ ಮುಗಿದು ಅಕ್ಷತೆ ಬೀಳಬೇಕು. ಎರಡೂ ಮನೆಯ ಗಂಡ-ಹೆಂಡಿರನ್ನು ಊರು ಒಂದೇ ರೀತಿ ಕಾಣುತ್ತದೆ. ಒಂದರಲ್ಲಿ ಲಗ್ನ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಎಂದು ಯಾರೂ ಅನ್ನುವುದಿಲ್ಲ. ಹಾಗಿದ್ದರೆ ವರ್ಷದ ಸಿದ್ಧತೆಯಲ್ಲಿ ಧರ್ಮಕ್ಕೆ ಸೇರಿದ್ದು ಎಷ್ಟು, ದೇಖಾವೆಗೆ ಸೇರಿದ್ದು ಎಷ್ಟು? ಇಷ್ಟೆಲ್ಲ ಮೆಟ್ಟಿಲುಗಳಲ್ಲಿ ಇಬ್ಬರು ಗಂಡ-ಹೆಂಡತಿಯಾಗುವುದು ಯಾವುದರ ಮೇಲೆ ನಿಂತಾಗ?

ಸಿದ್ಧತೆಯ ಈ ವರ್ಷ ಇಂದು ಶುರುವಾಗುವುದು ದೇವರ ಕೋಣೆಯಲ್ಲಲ್ಲ, ಮಂಗಲ ಕಾರ್ಯಾಲಯದ (ಕಲ್ಯಾಣ ಮಂಟಪದ) ಮ್ಯಾನೇಜರನ ಟೇಬಲ್ಲಿನ ಮುಂದೆ. ಕಾಗಲ ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿನ ಊರು. ಉತ್ತರಕ್ಕೆ ಕೊಲ್ಲಾಪುರ, ದಕ್ಷಿಣಕ್ಕೆ ನಿಪ್ಪಾಣಿ, ನಡುವೆ ರಾಜ್ಯದ ಗಡಿ. ಬೀಗತನ ಎರಡೂ ಕಡೆ ಇರುವುದರಿಂದ ಬಂದುಹೋಗಲು ಅನುಕೂಲವಾದ ಮಂಗಲ ಕಾರ್ಯಾಲಯಗಳಿಗೆ ಬೇಡಿಕೆ ಜಾಸ್ತಿ. ಮ್ಯಾನೇಜರನ ಡೈರಿಯಲ್ಲಿ ಮುಹೂರ್ತದ ತಾರೀಖುಗಳಿಗೆ ಮೊದಲೇ ಕೆಂಪು ಗುರುತು ಬಿದ್ದಿರುತ್ತದೆ, ಬಾಡಿಗೆಯೂ ಅದಕ್ಕೆ ತಕ್ಕಂತೆ ಏರಿರುತ್ತದೆ. ಖಾಲಿ ಇರುವ ಎರಡೋ ಮೂರೋ ದಿನ ಬರೆದುಕೊಂಡು ಮನೆಯವರು ಆಮೇಲೆ ಜೋಯಿಸರ ಕಡೆ ಹೋಗುತ್ತಾರೆ: “ಇದರಾಗ ಯಾವುದು ಛಲೋ ಐತಿ ನೋಡಿ ಹೇಳ್ರಿ.” ಹಿಂದೆ ಗ್ರಹ ನೋಡಿ ದಿನ ಹುಡುಕುತ್ತಿದ್ದರು. ಈಗ ದಿನ ಹಿಡಿದುಕೊಂಡು ಗ್ರಹಗಳ ಒಪ್ಪಿಗೆ ಕೇಳುತ್ತಾರೆ. ಬಹಳ ಸಲ ಒಪ್ಪಿಗೆ ಸಿಗುತ್ತದೆ ಕೂಡ!

ಮುಹೂರ್ತದ ಹಿಂದೆ ಇನ್ನೊಂದು ಲೆಕ್ಕವೂ ಇದೆ. ಅದು ಕಬ್ಬಿನ ಬಿಲ್ಲು. ದೂಧಗಂಗಾ, ವೇದಗಂಗಾ ಕಣಿವೆಯ ರೈತನ ಕೈಗೆ ದೊಡ್ಡ ದುಡ್ಡು ಬರುವುದು ಕಾರ್ಖಾನೆ ಕಬ್ಬು ನುರಿಸಿದ ಮೇಲೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು. ಕೊಡದಿದ್ದರೆ ಚಳವಳಿ ಏಳುತ್ತದೆ, ಲಗ್ನದ ತಾರೀಖೂ ಅಲುಗಾಡುತ್ತದೆ. ಬಿಲ್ಲು ಬಂದರೆ ಕೊಲ್ಲಾಪುರದ ಗುಜರಿ ಎಂಬ ಚಿನಿವಾರ ಪೇಟೆಯಲ್ಲಿ ಬಂಗಾರ, ಹುಪರಿಯಲ್ಲಿ ಬೆಳ್ಳಿಯ ಕಾಲ್ಗೆಜ್ಜೆ, ಗಾಂಧಿನಗರದ ಪೇಟೆಯಲ್ಲಿ ಬಸ್ತಾ. ಬಸ್ತಾದ ದಿನ ಎರಡು ಮನೆಯ ಹೆಂಗಸರು ಒಂದೇ ಗಾಡಿಯಲ್ಲಿ ಹೋಗಿ, ಒಂದೇ ಗಾದಿಯ ಮೇಲೆ ಕೂತು, ನೂರು ಸೀರೆ ಬಿಚ್ಚಿಸಿ ಇಪ್ಪತ್ತು ಕಟ್ಟಿಸುತ್ತಾರೆ. ಬೀಗಿತ್ತಿಯ ಸ್ವಭಾವ ಜಾತಕಕ್ಕಿಂತ ಆ ಗಾದಿಯ ಮೇಲೆ ಹೆಚ್ಚು ತಿಳಿಯುತ್ತದೆ ಎಂದು ಅನುಭವಸ್ಥರು ಹೇಳುವುದರಲ್ಲಿ ಸುಳ್ಳಿಲ್ಲ.

ಯಾದಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ವರದಕ್ಷಿಣೆ ಅಡಗಿ ಕೂಡುವುದೂ ಈ ಕಾಗದದಲ್ಲೇ, ‘ಮಾನಪಾನ’ ಎಂಬ ಹೆಸರಿನಲ್ಲಿ. ವಿಚಿತ್ರವೆಂದರೆ ಸರಕಾರವೂ ಒಂದು ಯಾದಿ ಕೇಳುತ್ತದೆ. ವರದಕ್ಷಿಣೆ ನಿಷೇಧ ಕಾಯಿದೆಯ ಕೆಳಗೆ 1985ರಲ್ಲಿ ಬಂದ ನಿಯಮಗಳ ಪ್ರಕಾರ ವಧುವಿಗೆ, ವರನಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು, ಕೊಟ್ಟವರ ಹೆಸರು, ಸಂಬಂಧ, ಅಂದಾಜು ಬೆಲೆಯೊಂದಿಗೆ ಬರೆದು ಸಹಿ ಮಾಡಿ ಇಟ್ಟುಕೊಳ್ಳಬೇಕು. ಮೊದಲನೆಯ ಯಾದಿಯನ್ನು ಜತನದಿಂದ ಬರೆಯುವ ಮನೆಗಳಲ್ಲಿ ಎರಡನೆಯದನ್ನು ಕೇಳಿದವರೇ ಅಪರೂಪ.

ಇನ್ನು ಪಂಚಾಂಗದ ಮಾತು. ಆಷಾಢ ಶುದ್ಧ ಏಕಾದಶಿಗೆ ವಿಷ್ಣು ಮಲಗುತ್ತಾನೆ, ಕಾರ್ತಿಕ ಶುದ್ಧ ಏಕಾದಶಿಗೆ ಏಳುತ್ತಾನೆ. ಆ ನಾಲ್ಕು ತಿಂಗಳು ಲಗ್ನವಿಲ್ಲ. ಮರುದಿನದಿಂದ ತುಳಸಿ ಲಗ್ನ, ಅದಾದ ಮೇಲೆ ಮನುಷ್ಯರದು. ಚಾಂದ್ರ ವರ್ಷ ಸೌರ ವರ್ಷಕ್ಕಿಂತ ಸುಮಾರು 11 ದಿನ ಗಿಡ್ಡ, ಅದನ್ನು ಸರಿದೂಗಿಸಲು ಸುಮಾರು ಮೂರು ವರ್ಷಕ್ಕೊಮ್ಮೆ ಒಂದು ಅಧಿಕ ಮಾಸ ಬರುತ್ತದೆ. ಆಗಲೂ ಲಗ್ನವಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಮೇ 17ರಿಂದ ಜೂನ್ 15ರವರೆಗೆ, ಅಂದರೆ ಶಾಲೆಗೆ ಸೂಟಿ ಇರುವ, ಮುಂಬೈ-ಪುಣೆಯಿಂದ ನೆಂಟರು ಊರಿಗೆ ಬರುವ ದಿನಗಳ ಮೇಲೇ ಬಂದು ಕೂತಿದೆ. 2024ರಲ್ಲಿ ಇನ್ನೊಂದು ತೊಡಕು. ಮೇ 18ರ ಹೊತ್ತಿಗೆ ಗುರು, ಜೂನ್ 4ರ ಹೊತ್ತಿಗೆ ಶುಕ್ರ ಸೂರ್ಯನ ಬೆಳಕಿನಲ್ಲಿ ಮುಳುಗಿದ್ದವು. ಗುರು-ಶುಕ್ರರ ಅಸ್ತದಲ್ಲಿ ಲಗ್ನ ಕೂಡದೆಂಬುದು ಹಳೆಯ ನೇಮ. ಆದರೂ ಆ ಬೇಸಿಗೆಯಲ್ಲಿ ಗಡಿಯ ಎರಡೂ ಬದಿಗೆ ಬ್ಯಾಂಡು ನಿಲ್ಲಲಿಲ್ಲ. ಶಾಸ್ತ್ರದಲ್ಲೇ ಗೌಣ ಕಾಲ, ಆಪತ್ಕಾಲ ಎಂದು ಹಿಂಬಾಗಿಲುಗಳಿವೆ. ಬಾಗಿಲು ಬಿಗಿಯಾಗಿ ಮುಚ್ಚಿ ಕಿಟಕಿ ತೆರೆದಿಡುವುದು ನಮ್ಮ ಧರ್ಮಶಾಸ್ತ್ರದ ಹಳೆಯ ಜಾಣತನ.

ಗಡಿಯಾರ ಬರುವ ಮುಂಚೆ ಮುಹೂರ್ತದ ಹೊತ್ತನ್ನು ಅಳೆಯುತ್ತಿದ್ದುದು ಗಳಿಗೆ ಬಟ್ಟಲಿನಿಂದ. ತೆಳುವಾದ ತಾಮ್ರದ ಬಟ್ಟಲು, ತಳದಲ್ಲಿ ಸೂಜಿಯ ಮೊನೆಯಷ್ಟು ತೂತು. ಅದನ್ನು ನೀರು ತುಂಬಿದ ಹಂಡೆಯಲ್ಲಿ ತೇಲಿಬಿಡುತ್ತಾರೆ. ತೂತಿನಿಂದ ನೀರು ಸಣ್ಣಗೆ ಏರುತ್ತದೆ, ಬಟ್ಟಲು ಒಂದು ಬದಿಗೆ ವಾಲುತ್ತದೆ, ನೆಟ್ಟಗಾಗುತ್ತದೆ, ಅಂಚು ನೀರಿಗೆ ಸಮವಾದೊಡನೆ ‘ಗುಳುಕ್’ ಎಂದು ಮುಳುಗುತ್ತದೆ. ಅದು ಒಂದು ಗಳಿಗೆ, 24 ನಿಮಿಷ. ಎರಡು ಗಳಿಗೆ ಕೂಡಿದರೆ ಒಂದು ಮುಹೂರ್ತ, 48 ನಿಮಿಷ. ಹೊತ್ತು ಕಾಯುವವನು ಬಟ್ಟಲಿನ ಮೇಲಿನ ಕಣ್ಣು ತೆಗೆಯುವಂತಿಲ್ಲ.

ಈ ಬಟ್ಟಲಿನ ಸುತ್ತ ನಮ್ಮಲ್ಲಿ ಒಂದು ಕತೆಯೂ ಇದೆ. ಬಿಜ್ಜಡಬಿಡದ ಗಣಿತಜ್ಞ ಭಾಸ್ಕರಾಚಾರ್ಯ 1114ರಲ್ಲಿ ಹುಟ್ಟಿದವನು. ಬಿಜ್ಜಡಬಿಡ ನಮ್ಮ ವಿಜಯಪುರವೇ ಎಂದು ಕನ್ನಡಿಗರು ವಾದಿಸಿದರೆ, ಅದು ಖಾನದೇಶದ ಕಡೆಯದೆಂದು ಮರಾಠಿಗರು ಹಟ ಹಿಡಿಯುತ್ತಾರೆ. ಆಚಾರ್ಯ ಮಗಳು ಲೀಲಾವತಿಯ ಲಗ್ನಕ್ಕೆ ತಪ್ಪದ ಗಳಿಗೆ ಹುಡುಕಿ ಬಟ್ಟಲು ತೇಲಿಬಿಟ್ಟ. ಹುಡುಗಿ ಕುತೂಹಲದಿಂದ ಬಗ್ಗಿ ನೋಡಿದಾಗ ಒಡವೆಯ ಮುತ್ತೊಂದು ಜಾರಿ ಬಿದ್ದು ತೂತು ಮುಚ್ಚಿತು. ಬಟ್ಟಲು ಮುಳುಗಲಿಲ್ಲ, ಗಳಿಗೆ ಮಾತ್ರ ದಾಟಿಹೋಯಿತು. ಈ ಕತೆ ಸಿಗುವುದು ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ, ಆಚಾರ್ಯನ ‘ಲೀಲಾವತಿ’ ಗ್ರಂಥದ ಪಾರಸಿ ಅನುವಾದದಲ್ಲಿ, ಮೂಲ ಗ್ರಂಥದಲ್ಲಲ್ಲ. ಚರಿತ್ರೆಯಾಗಿ ನಂಬುವುದು ಕಷ್ಟ. ಆದರೆ ಒಂದು ಅನುಮಾನವನ್ನು ಕತೆ ಹರಿತವಾಗಿ ಎತ್ತುತ್ತದೆ: ಗಣಿತ ಬಲ್ಲ ತಂದೆ ಎಷ್ಟೇ ಮೊದಲಿನಿಂದ ತಯಾರಿ ಮಾಡಿದರೂ ಆ ಗಳಿಗೆ ಅವನ ಕೈಯಲ್ಲಿದೆಯೇ? ಈಗಿನ ಪತ್ರಿಕೆಗಳಲ್ಲಿ ‘12 ಗಂಟೆ 33 ನಿಮಿಷಕ್ಕೆ’ ಎಂದು ನಿಮಿಷದವರೆಗೂ ಅಚ್ಚಾಗಿರುತ್ತದೆ. 12:33ಕ್ಕೆ ಮದುಮಗ ಇನ್ನೂ ಬೆಂಜೋದ ಮುಂದೆ ಕುದುರೆಯ ಮೇಲಿರುತ್ತಾನೆ, ಗೆಳೆಯರ ಕುಣಿತ ಮುಗಿದಿರುವುದಿಲ್ಲ, ಬರಬೇಕಾದ ಪುಢಾರಿ ಬಂದಿರುವುದಿಲ್ಲ. ಅಕ್ಷತೆ ಬೀಳುವುದು ಒಂದೂವರೆಗೆ. ಮುಹೂರ್ತ ತಪ್ಪಿತು ಎಂದು ಊಟ ಬಿಟ್ಟು ಎದ್ದುಹೋದವರನ್ನು ಯಾರೂ ಕಂಡಿಲ್ಲ.

ಹಾಗಾದರೆ ಆ ನಿಮಿಷ ಯಾತಕ್ಕೆ ಬೇಕು? ಗ್ರಹಬಲದ ವಾದ ಬದಿಗಿಟ್ಟು ನೋಡಿದರೂ ಮುಹೂರ್ತಕ್ಕೆ ಒಂದು ಉಪಯೋಗವಿದೆ. ಎರಡು ಮನೆಯವರು ಕೂಡಿ ಕೆಲಸ ಮಾಡುವಾಗ ದಿನ ಗೊತ್ತುಮಾಡುವುದು ಜಗಳದ ಮೊದಲ ಮೂಲ. ಹುಡುಗನ ಕಡೆಯವರು ತಮ್ಮ ದಿನ ಹೇರಿದರೆ ಹುಡುಗಿಯ ಕಡೆಯವರು ಕುಗ್ಗುತ್ತಾರೆ. ಪಂಚಾಂಗ ಹೇಳಿತು ಎಂದರೆ ಇಬ್ಬರೂ ಮೂರನೆಯದೊಂದಕ್ಕೆ ತಲೆಬಾಗಿದಂತೆ. ನನಗೆ ಬೇಕಾದಾಗ ಎಂಬ ಹಟವನ್ನು ಲಗ್ನದ ಮೊದಲ ಮೆಟ್ಟಿಲಲ್ಲೇ ಕೆಳಗಿಡಬೇಕಾಗುತ್ತದೆ. ಇದರಲ್ಲಿ ಧರ್ಮದ ಒಂದು ಅಂಶ ನಿಜವಾಗಿಯೂ ಇದೆ. ಡೈರಿ ಮೊದಲು, ಪಂಚಾಂಗ ಆಮೇಲೆ ಎಂದಾದಾಗ ಕಳೆದುಹೋಗುವುದು ಈ ಅಂಶವೇ. ತಲೆಬಾಗುವುದೇನೋ ಉಳಿಯುತ್ತದೆ, ಆದರೆ ಕಾರ್ಯಾಲಯದ ಅಡ್ವಾನ್ಸಿಗೆ.

ಇದಕ್ಕೆ ಎದುರಾದ ಮಾತು ಕನ್ನಡದಲ್ಲೇ ಹುಟ್ಟಿದೆ, ಅದೂ ಎಂಟುನೂರು ವರ್ಷದ ಹಿಂದೆ. ರಾಶಿಕೂಟ, ಚಂದ್ರಬಲ, ತಾರಾಬಲದ ಪ್ರಶ್ನೆಯನ್ನೇ ಎತ್ತಿಕೊಂಡು, ಕೇಳಿದವರಿಗೆ ಎಲ್ಲವೂ ಕೂಡಿಬಂದಿದೆ, ನಾಳೆಗಿಂತ ಇಂದೇ ಒಳ್ಳೆಯ ದಿನ ಎಂದುಬಿಡಿ ಎನ್ನುವ ಅರ್ಥದ ವಚನ ಬಸವಣ್ಣನವರದು. ಮಧುವರಸನ ಮಗಳಿಗೂ ಹರಳಯ್ಯನ ಮಗನಿಗೂ ಕಲ್ಯಾಣದಲ್ಲಿ ಲಗ್ನವಾಯಿತು, ಅದರಿಂದಲೇ ಊರು ಹೊತ್ತಿಕೊಂಡಿತು ಎಂದು ಶರಣ ಪರಂಪರೆ ಹೇಳುತ್ತದೆ. ಆ ಲಗ್ನದ ಮುಹೂರ್ತ ಯಾವುದಿತ್ತೆಂದು ಪರಂಪರೆ ನೆನಪಿಟ್ಟಿಲ್ಲ. ಯಾರು ಯಾರನ್ನು ಲಗ್ನವಾದರು ಎಂಬುದನ್ನಷ್ಟೇ ನೆನಪಿಟ್ಟಿದೆ. ಹಾಗಿದ್ದೂ ಗಡಹಿಂಗ್ಲಜ, ಸಂಕೇಶ್ವರದ ಸುತ್ತಿನ ಲಿಂಗಾಯತ ಮನೆಗಳಲ್ಲಿ ಇಂದಿಗೂ ಲಗ್ನದ ದಿನ ಕೇಳಲು ಅಯ್ಯನವರ ಕಡೆ ಹೋಗುತ್ತಾರೆ, ಅಯ್ಯನವರು ಪಂಚಾಂಗ ತೆಗೆಯುತ್ತಾರೆ. ವಚನ ಪತ್ರಿಕೆಯ ಮೇಲೆ ಅಚ್ಚಾಗುತ್ತದೆ, ಅದರ ಕೆಳಗೇ ಗಂಟೆ-ನಿಮಿಷವೂ ಅಚ್ಚಾಗುತ್ತದೆ. ವಚನ ಬಿಡಿಸಬಯಸಿದ್ದು ಹೊತ್ತಿನ ಹೆದರಿಕೆಯನ್ನು. ಹೊತ್ತಿಗೆ ಒಪ್ಪಿಕೊಳ್ಳುವುದು ಬೇರೆ, ಹೆದರುವುದು ಬೇರೆ. ಪತ್ರಿಕೆ ಅಚ್ಚು ಹಾಕಿಸುವಾಗ ಇವೆರಡೂ ಬೆರೆತುಹೋಗುತ್ತವೆ.

ಕಾಗಲದ ಹೆಸರು ಲಗ್ನ ಮತ್ತು ಮಂತ್ರದ ಚರ್ಚೆಯಲ್ಲಿ ಬರುವುದು ಶಾಹೂ ಮಹಾರಾಜರಿಂದ. 1874ರ ಜೂನ್ 26ರಂದು ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದ ಯಶವಂತರಾವ್, 1884ರಲ್ಲಿ ಕೊಲ್ಲಾಪುರದ ಗಾದಿಗೆ ದತ್ತಕ ಹೋಗಿ ಶಾಹೂ ಆದರು. ತಾಯಿ ರಾಧಾಬಾಯಿ ನಮ್ಮ ಮುಧೋಳದ ರಾಜಮನೆತನದ ಹೆಣ್ಣುಮಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಕಾರ್ತಿಕ ಸ್ನಾನಕ್ಕೆ ಪಂಚಗಂಗೆಗೆ ಇಳಿದಾಗ ಪುರೋಹಿತ ವೇದೋಕ್ತ ಬಿಟ್ಟು ಪುರಾಣೋಕ್ತ ಮಂತ್ರ ಹೇಳುತ್ತಿರುವುದು ಬಯಲಾಯಿತು. ಶೂದ್ರರಿಗೆ ವೇದಮಂತ್ರವಿಲ್ಲ ಎಂಬುದು ಪುರೋಹಿತನ ಸಮರ್ಥನೆ. ಜಗಳ ವರ್ಷಗಟ್ಟಲೆ ನಡೆಯಿತು. ಅರಮನೆಯ ಪುರೋಹಿತರಾದ ರಾಜೋಪಾಧ್ಯರ ವತನ ಹೋಯಿತು, ಟಿಳಕರ ‘ಕೇಸರಿ’ ಎದುರು ನಿಂತಿತು, ಸಂಕೇಶ್ವರ–ಕರವೀರ ಪೀಠದ ಸ್ವಾಮಿಗಳೂ ಅದರಲ್ಲಿ ಸಿಕ್ಕಿಕೊಂಡರು. 1920ರಲ್ಲಿ ಶಾಹೂ ಮರಾಠಾ ಹುಡುಗರಿಗೇ ಪೌರೋಹಿತ್ಯ ಕಲಿಸಲು ವೈದಿಕ ಶಾಲೆ ತೆರೆದರು, ಕ್ಷಾತ್ರ ಜಗದ್ಗುರುವನ್ನೂ ನೇಮಿಸಿದರು.

ಜ್ಯೋತಿರಾವ್ ಫುಲೆ ಹಿಡಿದ ದಾರಿ ಬೇರೆಯಾಗಿತ್ತು. ಸತ್ಯಶೋಧಕ ಸಮಾಜ ಕಟ್ಟಿದ ಮೂರೇ ತಿಂಗಳಿಗೆ, 1873ರ ಡಿಸೆಂಬರ್ 25ರಂದು, ಭಟ್ಟರಿಲ್ಲದೆ ಮೊದಲ ಲಗ್ನ ಮಾಡಿಸಿದ್ದರು. ಫುಲೆ ಮಂತ್ರವನ್ನೇ ಬದಲಿಸಿದರು, ಶಾಹೂ ಮಂತ್ರ ಉಳಿಸಿಕೊಂಡು ಹೇಳುವ ಬಾಯಿ ಬದಲಿಸಿದರು. ಮುಂದೆ ಕುವೆಂಪು ಹೇಳುವವನ ಪೀಠವನ್ನೇ ತೆಗೆದರು. 1966ರ ನವೆಂಬರಿನಲ್ಲಿ ಮಗ ತೇಜಸ್ವಿಯ ಮದುವೆ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆದಾಗ ಪುರೋಹಿತನೂ ಇರಲಿಲ್ಲ, ಮುಹೂರ್ತದ ಕಾಟವೂ ಇರಲಿಲ್ಲ. ಮೂವರಲ್ಲಿ ಯಾರೂ ಲಗ್ನಕ್ಕೆ ಮಾತೇ ಬೇಡ ಎನ್ನಲಿಲ್ಲ ಎಂಬುದು ಗಮನಿಸುವ ವಿಷಯ. ನಾಲ್ಕು ಜನರ ಎದುರು, ಅರ್ಥ ತಿಳಿದು, ಬಾಯಿಬಿಟ್ಟು ಹೇಳಬೇಕು ಎಂಬುದನ್ನು ಮೂವರೂ ಉಳಿಸಿಕೊಂಡರು.

ಶಾಹೂ ಜಾತಿ ಮೀರಿದ ಲಗ್ನಕ್ಕೂ ಕೈಹಾಕಿದರು. 1917ರಲ್ಲಿ ವಿಧವಾ ಪುನರ್ವಿವಾಹಕ್ಕೆ, 1919ರಲ್ಲಿ ಅಂತರ್ಜಾತಿ ಲಗ್ನಕ್ಕೆ ಸಂಸ್ಥಾನದಲ್ಲಿ ಕಾನೂನು ಮಾಡಿದರು. ತಮ್ಮದೇ ಕಾಗಲದ ಘಾಟಗೆ ಬಳಗದ ಹುಡುಗಿಯನ್ನು ಧನಗರ ಮೂಲದ ಇಂದೂರಿನ ಹೋಳ್ಕರ ಮನೆಗೆ ಕೊಡಬೇಕೆಂದು ಹಟ ತೊಟ್ಟರು. 1922ರ ಮೇ 6ರಂದು ಅವರು ತೀರಿಕೊಂಡಾಗ ಲಗ್ನ ಇನ್ನೂ ಆಗಿರಲಿಲ್ಲ. ಆದದ್ದು 1924ರಲ್ಲಿ, ವರ ಮುಂದೆ ಮಹಾರಾಜನಾದ ಯಶವಂತರಾವ್ ಹೋಳ್ಕರ್. ಜಾತಿಯ ಗೋಡೆ ಒಡೆದ ಈ ಲಗ್ನದ ವಧು ಇನ್ನೂ ಬಾಲೆ. ಬಾಲ್ಯವಿವಾಹ ತಡೆಯುವ ಶಾರದಾ ಕಾಯಿದೆ ಬರಲು ಮತ್ತೆ ಐದು ವರ್ಷ ಬೇಕಿತ್ತು. ಹಿರಿಯರು ವರ್ಷಗಟ್ಟಲೆ ಯೋಚಿಸಿ ಮಾಡಿದ ಲಗ್ನದಲ್ಲೂ ಆ ಹುಡುಗಿಯನ್ನು ಕೇಳಿದವರಾರು ಎಂಬುದು ಪ್ರಶ್ನೆಯಾಗಿ ಉಳಿಯುತ್ತದೆ. ಶಾಹೂ ಅವರ ಸ್ವಂತ ಮಗಳ ಲಗ್ನ 1908ರಲ್ಲಿ ದೇವಾಸ್ ಸಂಸ್ಥಾನದ ರಾಜನೊಂದಿಗೆ ನಡೆದಿತ್ತು. ಕೆಲವೇ ವರ್ಷಗಳಲ್ಲಿ ಆಕೆ ತವರಿಗೆ ಮರಳಿದರು.

ಲಗ್ನ ಆಗುವುದು ಯಾವಾಗ ಎಂಬುದಕ್ಕೆ ಮನುಸ್ಮೃತಿಯ ಉತ್ತರ ಖಚಿತವಾಗಿದೆ: ಏಳನೆಯ ಹೆಜ್ಜೆಗೆ. 1955ರ ಹಿಂದೂ ವಿವಾಹ ಕಾಯಿದೆಯ 7ನೆಯ ಕಲಮು ಇದನ್ನು ಹಿಗ್ಗಿಸಿತು. ಎರಡರಲ್ಲಿ ಯಾವುದಾದರೂ ಕಡೆಯ ರೂಢಿಯ ವಿಧಿ ನಡೆದರೆ ಸಾಕು. ಸಪ್ತಪದಿ ಇರುವ ರೂಢಿಯಾದರೆ ಏಳನೆಯ ಹೆಜ್ಜೆಗೆ ಪೂರ್ತಿ. ಅಕ್ಕಿಕಾಳು, ತಾಳಿ, ಗುರುವಿನ ಸಾಕ್ಷಿ ಎನ್ನುವ ರೂಢಿಯಾದರೆ ಅದರಂತೆ. 1965ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹೆಂಡತಿ ಇರುವಾಗಲೇ ಗಾಂಧರ್ವ ರೀತಿಯಲ್ಲಿ ಇನ್ನೊಂದು ಲಗ್ನವಾದವನ ಮೇಲೆ ಖಟ್ಲೆ. ಬೇಕಾದ ವಿಧಿ ನಡೆದದ್ದು ಸಾಬೀತಾಗಲಿಲ್ಲ, ಆದ್ದರಿಂದ ಎರಡನೆಯದು ಲಗ್ನವೇ ಅಲ್ಲ, ಆದ್ದರಿಂದ ಅಪರಾಧವೂ ಇಲ್ಲ ಎಂದಾಯಿತು. ವಿಧಿ ಬಿಟ್ಟದ್ದೇ ಅವನನ್ನು ಕಾಪಾಡಿತು!

ಅದೇ ಕೋರ್ಟಿನ 2024ರ ಏಪ್ರಿಲಿನ ತೀರ್ಪು ವರ್ಷದ ಯೋಜನೆಗೆ ಇನ್ನೂ ಹತ್ತಿರದ್ದು. ವಿಮಾನ ಹಾರಿಸಲು ಕಲಿತ ಹುಡುಗ-ಹುಡುಗಿ 2021ರ ಜುಲೈನಲ್ಲಿ ಸಂಸ್ಥೆಯೊಂದರಿಂದ ಸರ್ಟಿಫಿಕೇಟು ಪಡೆದು ಲಗ್ನ ನೋಂದಾಯಿಸಿದರು. ವಿಧಿವತ್ತಾದ ಲಗ್ನಕ್ಕೆ 2022ರ ಅಕ್ಟೋಬರಿನ ದಿನ ಗೊತ್ತಾಗಿತ್ತು. ಆ ದಿನ ಬರುವುದರೊಳಗೆ ಮನಸ್ತಾಪವಾಗಿ ಲಗ್ನ ನಿಂತಿತು. ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ವಿಧಿ ನಡೆಯದೆ ಬರಿಯ ನೋಂದಣಿಯಿಂದ ಹಿಂದೂ ವಿವಾಹ ಆಗುವುದಿಲ್ಲ ಎಂದು ಹೇಳಿ ಅವರು ಗಂಡ-ಹೆಂಡತಿ ಆಗಿರಲೇ ಇಲ್ಲ ಎಂದು ಘೋಷಿಸಿತು. ವಿವಾಹ ಹಾಡು-ಕುಣಿತದ, ತಿಂದು-ಕುಡಿಯುವ ಸಮಾರಂಭ ಅಲ್ಲ ಎಂದೂ ಪೀಠ ಎಚ್ಚರಿಸಿತು. ನ್ಯಾಯಾಲಯದ ಈ ಮಾತು ಕಾರ್ಯಾಲಯದ ಡೈರಿಗೆ ಮುಟ್ಟಿದಂತೆ ಕಾಣುವುದಿಲ್ಲ. ಸಪ್ತಪದಿಗೆ ಹತ್ತು ನಿಮಿಷ, ಫೋಟೋಶೂಟಿಗೆ ಎರಡು ತಾಸು ಎಂಬುದು ಈಗಿನ ಹೊತ್ತಿನ ಹಂಚಿಕೆ.

ಒಂದು ಬೇಸಿಗೆಯಲ್ಲಿ ಮಾತ್ರ ಈ ಹಂಚಿಕೆ ತಲೆಕೆಳಗಾಯಿತು. 2021ರ ಏಪ್ರಿಲ್ 21ರಂದು ಮಹಾರಾಷ್ಟ್ರ ಸರಕಾರ ಕೊರೋನಾ ಆದೇಶ ಹೊರಡಿಸಿತು: ಒಂದೇ ಹಾಲ್, ಎರಡೇ ತಾಸು, 25ಕ್ಕಿಂತ ಹೆಚ್ಚು ಜನ ಇಲ್ಲ, ಮೀರಿದರೆ 50,000 ರೂಪಾಯಿ ದಂಡ. ಕಾಗಲದ ಆಚೆ ಕೊಗನೊಳ್ಳಿಯ ನಾಕಾದಲ್ಲಿ ಕರ್ನಾಟಕದ ಪೊಲೀಸರು ಟೆಸ್ಟಿನ ರಿಪೋರ್ಟು ಕೇಳುತ್ತಿದ್ದರು. ಸೋದರಮಾವ ನಿಪ್ಪಾಣಿಯಲ್ಲಿ, ಮದುಮಗಳು ಕಾಗಲದಲ್ಲಿ ಎಂದಾದರೆ ಮಾವನ ಎತ್ತಿನ ಗಾಡಿಯೋ ಕಾರೋ ಗಡಿಗೇ ನಿಂತಂತೆ. 25 ಜನರಲ್ಲಿ ಯಾರನ್ನು ಬಿಡಬೇಕು ಎಂಬ ಯಾದಿ, ಎಲ್ಲ ಯಾದಿಗಳಿಗಿಂತ ಕಷ್ಟದ್ದು. ಬೆಂಜೋ ಹೋಯಿತು, ಆಚಾರಿಯ ಒಲೆಗಳ ಸಾಲು ಹೋಯಿತು, ಆಹೇರ (ಮುಯ್ಯಿ) ಬರೆಯುವ ವಹಿ ಹೋಯಿತು. ಅಂತರಪಟ ಉಳಿಯಿತು, ಮಂಗಲಾಷ್ಟಕ ಉಳಿಯಿತು, ಅಕ್ಕಿಕಾಳು ಉಳಿಯಿತು. ಆ ಲಗ್ನಗಳನ್ನು ಯಾರೂ ಅರ್ಧ ಲಗ್ನ ಎನ್ನಲಿಲ್ಲ. ಆದರೆ ಊಟ ಹಾಕದ ತಂದೆ ಮುಂದೆ ಬಹಳ ದಿನ ಊರಿಗೆ ಬಾಕಿದಾರನಂತೆ ತಲೆತಗ್ಗಿಸಿ ನಡೆದ. ಊರನ್ನು ಸಾಕ್ಷಿಯಾಗಿ ಕೂಡಿಸುವುದೂ ವಿಧಿಯ ಒಳಗೇ ಸೇರಿದ್ದೆಂದು ಅವನ ಮನಸ್ಸು ಹಿಡಿದಿತ್ತು. ಅದನ್ನು ಬರಿಯ ದೇಖಾವೆ ಎಂದು ತಳ್ಳಿಹಾಕುವುದು ಸುಲಭವಲ್ಲ. ಹಸಿದವರಿಗೂ ಉಂಡವರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕುವ ಕೆಲಸ ಈ ಸೀಮೆಯಲ್ಲಿ ಜಾತ್ರೆ ಬಿಟ್ಟರೆ ಆಗುವುದು ಲಗ್ನದಲ್ಲೇ. ತೊಡಕಿರುವುದು ಆ ಪಂಕ್ತಿ ಸಾಲದ ಮೇಲೆ ಕೂತಾಗ.

ಲೆಕ್ಕ ಅಲ್ಲಿಗೂ ಮುಗಿಯುವುದಿಲ್ಲ. ಲಿಂಗಾಯತ ಮನೆಗಳಲ್ಲಿ ವೀರಭದ್ರನ ಗುಗ್ಗಳ ಮೊದಲೇ ಆಗಿರುತ್ತದೆ. ಮರಾಠಾ, ಧನಗರ ಮನೆಗಳಲ್ಲಿ ಅಂಬಾಬಾಯಿಯ ಗೋಂಧಳ, ಖಂಡೋಬಾನ ಜಾಗರಣ ಲಗ್ನದ ನಂತರದ ಕೆಲಸ. ದುಡ್ಡು ಹೊಂದದಿದ್ದರೆ ಅದನ್ನು ವರ್ಷ, ಎರಡು ವರ್ಷ ಮುಂದೆ ಹಾಕುವುದೂ ಉಂಟು. ಅಲ್ಲಿಯವರೆಗೆ ಮನೆಯ ಮುದುಕಿ ಲಗ್ನ ಮುಗಿಯಿತು ಎನ್ನುವುದಿಲ್ಲ, “ಗೋಂಧಳ ಬಾಕಿ ಐತಿ” ಎನ್ನುತ್ತಾಳೆ. ಕಾನೂನಿನ ಲೆಕ್ಕದಲ್ಲಿ ಏಳನೆಯ ಹೆಜ್ಜೆಗೆ, ಸರಕಾರದ ಲೆಕ್ಕದಲ್ಲಿ ಗ್ರಾಮಪಂಚಾಯತಿಯ ನೋಂದಣಿಗೆ ಮುಗಿದ ಲಗ್ನ, ಮುದುಕಿಯ ಲೆಕ್ಕದಲ್ಲಿ ಗೋಂಧಳಿಗಳು ಸಂಬಾಳ ವಾದ್ಯ ಹಿಡಿದು ರಾತ್ರಿಯೆಲ್ಲ ಕುಣಿಯುವವರೆಗೆ ನಡೆದೇ ಇರುತ್ತದೆ. ಅಷ್ಟರಲ್ಲಿ ಅಧಿಕ ಮಾಸ ಬಂದರೆ ಇನ್ನೊಂದು ಖರ್ಚು: ಲಗ್ನಕ್ಕೆ ಕೂಡದ ಅದೇ ತಿಂಗಳಲ್ಲಿ ಅಳಿಯನನ್ನು ಕರೆದು ಧೋಂಡೆ ಎಂಬ ಸಿಹಿ ಮಾಡಿ ಉಣಿಸಬೇಕು, 33 ಅನಾರಸೆ ಎಣಿಸಿ ವಾಣ (ಬಾಗಿನ) ಕೊಡಬೇಕು.